ಗೋಪುರದ ಮಲ್ಲಪ್ಪನವರು

ಮಲ್ಲಪ್ಪನವರು ಎದುರಿಗಿದ್ದವರ ಮುಖ ನೋಡಿ ಮಾತಾಡಿದವರಲ್ಲ. ನಮ್ಮ ತಲೆಯ ಮೇಲಿಂದ ಎಲ್ಲೋ ಎರಡು ಮೈಲಿ ಆಚೆ ದೃಷ್ಟಿ ನೆಟ್ಟಿರುತ್ತಿದ್ದರು. ಕಾರ್ಖಾನೆಯ ಅಧಿಕಾರಿಗಳು ಅದನ್ನು ಸೊಕ್ಕು ಅನ್ನುತ್ತಿದ್ದರು. ಹದಿನೆಂಟು ವರ್ಷ ಉಕ್ಕಿನ ಗೋಪುರದ ತುದಿಯಲ್ಲಿ ಕೂತವರ ಕಣ್ಣಿಗೆ ಹತ್ತಿರದ್ದು ಒಗ್ಗುವುದಿಲ್ಲವೆಂದು ಯಾರಿಗೂ ಹೊಳೆಯಲಿಲ್ಲ.

ಯಶವಂತಪುರದಾಚೆ ನಮ್ಮ ಕಾರ್ಖಾನೆಯಲ್ಲಿದ್ದ ಆ ಗೋಪುರವನ್ನು ಯುದ್ಧದ ಕಾಲದಲ್ಲಿ ಶತ್ರುವಿಮಾನ ನೋಡಲೆಂದು ಕಟ್ಟಿದ್ದರಂತೆ. ವಿಮಾನ ಬರಲಿಲ್ಲ, ಎಪ್ಪತ್ತರ ದಶಕದಲ್ಲಿ ಅತಿಥಿಗಳು ಬರತೊಡಗಿದರು. ಎಲ್ಲಾದರೂ ಬೆಂಕಿ ಕಂಡರೆ ಫೋನ್ ಮಾಡುವುದು, ಬಂದವರಿಗೆ ಊರು ತೋರಿಸುವುದು ಗದಗಿನ ಕಡೆಯ ಮಲ್ಲಪ್ಪನವರ ಕೆಲಸ. ಚಿಮಣಿಗಳ ಹೊಗೆ ನೋಡಿಯೇ ಯಾವ ಕಾರ್ಖಾನೆಯಲ್ಲಿ ಮುಷ್ಕರ ಎಂದು ಹೇಳಿಬಿಡುತ್ತಿದ್ದರು. ಮರುದಿನದ ಪತ್ರಿಕೆ ಅದನ್ನು ಒಪ್ಪಿಕೊಳ್ಳುತ್ತಿತ್ತು.

ಒಮ್ಮೆ ಬಡಾವಣೆಗಳನ್ನು ಮಾಡಿಸುವ ದೊಡ್ಡ ಸಾಹೇಬರೊಬ್ಬರು ಹೆಂಡತಿಯೊಡನೆ ಬಂದರು. ಕಚೇರಿಯ ಗುಮಾಸ್ತನಾದ ನಾನೂ ಜೊತೆಗೆ ಹತ್ತಿದೆ. ಆಕೆ ಹೆಬ್ಬಾಳದ ದಿಕ್ಕಿಗೆ ಕೈ ತೋರಿಸಿ, ಅಲ್ಲೊಂದು ಸಣ್ಣ ಕೆರೆ ಇತ್ತಲ್ಲ, ಎಲ್ಲಿ ಹೋಯಿತು ಎಂದು ಕೇಳಿದರು.

"ಎಲ್ಲೂ ಹೋಗಿಲ್ರೀ ಅಕ್ಕಾರ, ಅಲ್ಲೇ ಐತಿ," ಎಂದರು ಮಲ್ಲಪ್ಪನವರು. "ಅದರ ಮ್ಯಾಲ ಸಾಹೇಬ್ರ ಲೇಔಟ್ ಕುಂತೈತಿ."

ಆಕೆ ನಕ್ಕರು. ಸಾಹೇಬರು ಮೆಟ್ಟಿಲಿಳಿದರು.

ತಿಂಗಳೊಳಗೆ ಗೋಪುರ ಅಪಾಯಕಾರಿ ಎಂದು ವರದಿಯಾಯಿತು. ಪರೀಕ್ಷೆಗೆ ಬಂದ ಮೂವರು ತಜ್ಞರು ಕ್ಯಾಂಟೀನಿನಲ್ಲಿ ಮಸಾಲೆದೋಸೆ ತಿನ್ನುತ್ತ ಕಿಟಕಿಯಿಂದಲೇ ಅದನ್ನು ನೋಡಿದ್ದರು. ಮೆಟ್ಟಿಲಿಗೆ ಬೀಗ ಬಿತ್ತು. ಹುದ್ದೆ ಮಾತ್ರ ಉಳಿಯಿತು. ಅದನ್ನು ತೆಗೆಯಲು ಬೇರೆ ಸಮಿತಿ ಬೇಕಿತ್ತು. ಮಲ್ಲಪ್ಪನವರಿಗೆ ಗೋಪುರದ ಬುಡದಲ್ಲೊಂದು ಸ್ಟೂಲು ಹಾಕಿ, ಏನು ಕಾಣಿಸಿತೆಂದು ಎಂದಿನಂತೆ ದಿನವೂ ರಿಜಿಸ್ಟರಿನಲ್ಲಿ ಬರೆಯಲು ಹೇಳಿದರು. ಎದುರಿಗಿದ್ದುದು ಕಾಂಪೌಂಡ್ ಗೋಡೆ. ಮೂರು ವರ್ಷ ಅವರು ತಪ್ಪದೆ ಬರೆದರು. ವಾರಕ್ಕೊಮ್ಮೆ ಆ ರಿಜಿಸ್ಟರು ಸಹಿಗೆಂದು ನನ್ನ ಮೇಜಿಗೆ ಬರುತ್ತಿತ್ತು.

ಅವರು ನಿವೃತ್ತಿಯಾಗಿ ಊರಿಗೆ ಹೊರಟಾಗ ಯಶವಂತಪುರ ಸ್ಟೇಷನ್ನಿಗೆ ಹೋಗಿ ಬೀಳ್ಕೊಟ್ಟೆ. ರೈಲು ಹೊರಡುವ ಮುಂಚೆ ಕಿಟಕಿಯಿಂದ ಕೇಳಿದರು: "ರಿಜಿಸ್ಟರ್ ನೀವರ ಓದ್ತಿದ್ರೇನ್ರೀ ಸರ್?"

"ಓದ್ದೇ ಇರ್ತೀನಾ ಮಲ್ಲಪ್ಪೋರೆ," ಎಂದೆ.

"ಹಂಗಾದ್ರ ಸರಿ ಬಿಡ್ರಿ," ಎಂದರು.

ಮರುದಿನ ಕಚೇರಿಯಲ್ಲಿ ರಿಜಿಸ್ಟರನ್ನು ತೆರೆದು ಮೊದಲ ಸಲ ಓದಿದೆ. ದುಂಡಗಿನ ಅಕ್ಷರದಲ್ಲಿ, ದಿನಕ್ಕೊಂದು ಸಾಲು: 'ಗೋಡೆ ಕಾಣಿಸಿತು.' ಮಳೆಗಾಲದಲ್ಲಿ 'ಗೋಡೆ ತೋಯ್ದಿದೆ.' ಒಂದು ದಿನ 'ಗೋಡೆಯ ಮೇಲೆ ಬೆಕ್ಕು.' ಪ್ರತಿ ಪುಟದ ಕೆಳಗೂ 'ಪರಿಶೀಲಿಸಲಾಗಿದೆ' ಎಂಬ ಮುದ್ರೆ, ಅದರ ಮೇಲೆ ನನ್ನ ಸಹಿ.