ಅಪ್ಪನ ಪಾದದೊಳಗೆ ಎರಡು ಪಾದ

ಸೌದಿಯ ಖಮೀಸ್ ಮುಶೈತ್ ಊರಿನ ಹಳೆ ಪೇಟೆಯಲ್ಲಿ ಮಕ್ಕಳ ಶೂ ಮಾರುತ್ತಿದ್ದ ನೋಣಯನಿಗೆ ಒಂದು ಹಟವಿತ್ತು. ಮಗುವನ್ನು ನಿಲ್ಲಿಸಿ ಎರಡೂ ಪಾದ ಅಳೆಯದೆ ಅವನು ಡಬ್ಬಿಯ ಮುಚ್ಚಳ ತೆಗೆಯುತ್ತಿರಲಿಲ್ಲ. ಕೂತಾಗಿನ ಪಾದವೇ ಬೇರೆ, ಮೈಭಾರ ಹೊತ್ತು ನಿಂತ ಪಾದವೇ ಬೇರೆ ಎನ್ನುತ್ತಿದ್ದ. ಸಂಜೆಗೆ ಪಾದ ತುಸು ಊದಿರುತ್ತದೆ, ಆಗ ಬನ್ನಿ ಎಂದು ಬೆಳಗಿನ ಗಿರಾಕಿಗಳನ್ನು ವಾಪಸು ಕಳಿಸಿದ್ದೂ ಉಂಟು. ಅಂಗಡಿಯ ಯಜಮಾನ, ಅವನಿಗೆ ವೀಸಾ ಕೊಟ್ಟು ಕರೆಸಿಕೊಂಡ ಕಫೀಲ್, ಮೊದಮೊದಲು ಹಣೆ ಚಚ್ಚಿಕೊಂಡ. ವಾಪಸು ಹೋದ ತಾಯಂದಿರೇ ನೆಂಟರಿಷ್ಟರನ್ನು ಕಟ್ಟಿಕೊಂಡು ಬರತೊಡಗಿದ ಮೇಲೆ ಬಾಯಿ ಮುಚ್ಚಿಕೊಂಡ. ಶೂ ತೊಟ್ಟ ಮಗುವನ್ನು ಅಂಗಡಿಯ ಉದ್ದಕ್ಕೂ ನಡೆಸಿ, ಕಾರ್ಕಳದ ಈ ಮನುಷ್ಯ ಬೆನ್ನು ತಿರುಗಿಸಿ ನಿಂತು ಬರೀ ಸದ್ದು ಕೇಳುತ್ತಿದ್ದ. ಹಿಮ್ಮಡಿ ಪಟಪಟ ಬಡಿದರೆ ಶೂ ದೊಡ್ಡದು, ತೆಗೆದು ಬೇರೆ ಹಾಕು. ಅದರಲ್ಲಿ ಅವನ ಕಿವಿ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ.

೧೯೯೫ರ ಒಂದು ಗುರುವಾರ ಸಂಜೆ ಉಡುಪಿ ಕಡೆಯ ನರ್ಸ್ ಬ್ರೆಂಡಾ ತನ್ನ ಐದು ವರ್ಷದ ಮಗ ಡಿಯಾನ್‌ನನ್ನು ಕರೆದುಕೊಂಡು ಬಂದಳು.

“ಎರಡು ನಂಬರ್ ದೊಡ್ಡದೇ ಕೊಡಿ. ತುದಿಗೆ ಹತ್ತಿ ತುಂಬಿಸಿದ್ರೆ ಬರುವ ವರ್ಷಕ್ಕೂ ಆಗ್ತದೆ.”

“ಹತ್ತಿ ನಿಮ್ಮ ಆಸ್ಪತ್ರೆಯಲ್ಲೇ ಇರ್ಲಿ ಸಿಸ್ಟರ್. ಬೆರಳಿನ ಮುಂದೆ ನನ್ನ ಹೆಬ್ಬೆರಳಿನಷ್ಟು ಅಗಲ ಜಾಗ ಸಾಕು. ಜಾಸ್ತಿ ಆದ್ರೆ ಮಗು ಬೆರಳು ಮಡಚಿ ಶೂ ಹಿಡ್ಕೊಂಡು ನಡೀತದೆ. ಮತ್ತೆ ಎಡವಿ ಬೀಳ್ತದೆ.”

“ಹೌದಾ ಮಾರಾಯ್ರೆ. ನಿಮ್ಮ ಮಗಳಿಗೂ ಹೀಗೇ ಅಳತೆ ನೋಡಿ ಕಳಿಸುದಾ?”

ಅವಳು ತಮಾಷೆಗೆ ಕೇಳಿದ್ದು. ನೋಣಯನ ಮುಖ ಹುಳ್ಳಗಾಯಿತು.

ಅವನ ಮಗಳು ಅಕ್ಷಿತಾಗೆ ಆಗ ಆರು ವರ್ಷ. ರಜೆ ಸಿಗುವುದು ಎರಡು ವರ್ಷಕ್ಕೊಮ್ಮೆ, ಕಳಿಸಿದ ವಸ್ತು ಅಲ್ಲಿಯವರೆಗೆ ಬಾಳಬೇಕು ಎಂಬುದು ಗಲ್ಫಿಗೆ ಬಂದವರೆಲ್ಲರ ಲೆಕ್ಕಾಚಾರ. ಹಾಗಾಗಿ ಹಿಂದಿನ ದೀಪಾವಳಿಗೆ ಎರಡು ನಂಬರ್ ದೊಡ್ಡ ಕೆಂಪು ಶೂ ಆರಿಸಿ, ಸ್ವತಃ ತನ್ನ ಕೈಯಿಂದಲೇ ಹತ್ತಿ ತುಂಬಿಸಿ ಕಳಿಸಿದ್ದ. ಮೊದಲ ವಾರವೇ ಮಗಳು ಶಾಲೆಯ ಮೆಟ್ಟಿಲಲ್ಲಿ ಮುಗ್ಗರಿಸಿ ತುಟಿ ಒಡೆದುಕೊಂಡಳು. ಶೂ ಕಪಾಟಿನ ಮೇಲೇರಿತು. ‘ಚಾಕಲೇಟು ತಿನ್ನುತ್ತಾಳೆ, ಕಾಲಿಗೆ ಮಾತ್ರ ಅಪ್ಪಂದು ಬೇಡವಂತೆ, ಅಪ್ಪನ ಶೂ ಬೀಳಿಸುತ್ತದಂತೆ’ ಎಂದು ಹೆಂಡತಿ ವಿನೋದಾ ಬರೆದಿದ್ದಳು. ಆ ಕಾಗದ ಓದಿದಂದು ಅವನಿಗೆ ಅನ್ನ ಸೇರಿರಲಿಲ್ಲ. ಊರವರ ಮಕ್ಕಳ ಪಾದವನ್ನೆಲ್ಲ ಬಲ್ಲವನಿಗೆ ಸ್ವಂತ ಮಗಳದ್ದು ಗೊತ್ತಿರಲಿಲ್ಲ. ಮಗಳು ಇನ್ನು ತನ್ನನ್ನು ನಂಬುವುದೇ ಇಲ್ಲವೇನೋ ಎಂಬ ಹೆದರಿಕೆ ಒಳಗೇ ಕೊರೆಯುತ್ತಿತ್ತು.

ಬ್ರೆಂಡಾ ಹೋದ ಮೇಲೆ ಅವನು ಪತ್ರ ಬರೆದ. ಸಂಜೆ ಹೊತ್ತು, ಕಾಗದದ ಮೇಲೆ ನಿಲ್ಲಿಸಿ, ಪೆನ್ಸಿಲು ನೆಟ್ಟಗೆ ಹಿಡಿದು, ಎರಡೂ ಪಾದದ ಸುತ್ತ ಗೆರೆ ಎಳೆದು ಕಳಿಸು. ತಿಂಗಳ ಮೇಲೆ ಉತ್ತರ ಬಂತು. ಗೆರೆ ನೋಡಿದ್ದೇ ನೋಣಯನಿಗೆ ನಗುವೂ ಬಂತು, ಸಂಕಟವೂ ಆಯಿತು. ಪಾದ ಕಿರಿದು, ಬೆರಳುಗಳು ಸಡಿಲ, ಮೈಭಾರದ ಗುರುತೇ ಇಲ್ಲ. ಮಗಳು ನಿಲ್ಲಲು ಒಪ್ಪಿರಲಿಲ್ಲ. ಅವಳು ಮಲಗಿದ್ದಾಗ ವಿನೋದಾ ಕದ್ದು ಗೆರೆ ಎಳೆದಿದ್ದಳು.

ಎರಡು ದಿನ ಅವನು ತಲೆ ಕೆಡಿಸಿಕೊಂಡ. ಮೂರನೆಯ ದಿನ ರೂಮಿನಲ್ಲಿ ದೊಡ್ಡ ಹಾಳೆ ಹಾಸಿ ಬರಿಗಾಲಲ್ಲಿ ನಿಂತ. ಜೊತೆಗಿದ್ದ ಲಾರಿ ಡ್ರೈವರ್ ಸಾಂತಪ್ಪ, ಅವನ ಪಕ್ಕದೂರಿನವನೇ, ಕಣ್ಣರಳಿಸಿ ನೋಡಿದ.

“ಎಂತ ನೋಣಯ, ನಿನಗೂ ಶೂವಾ?”

“ಸುಮ್ನೆ ಬಗ್ಗಿ ಗೆರೆ ಎಳಿ ಮಾರಾಯ.”

ಆ ಹಾಳೆಯ ಕೆಳಗೆ ನೋಣಯ ಬರೆದ: ‘ಅಕ್ಷಿತಾ, ಇದು ಅಪ್ಪನ ಕಾಲು. ಆ ಶೂವಿನ ಅಳತೆ ತಪ್ಪಿದ್ದು ನನ್ನಿಂದ, ನಿನ್ನಿಂದಲ್ಲ. ಇದರೊಳಗೆ ನೀನು ನಿಂತರೆ ಎಷ್ಟು ಜಾಗ ಉಳಿಯುತ್ತದೆ, ನನಗೆ ನೋಡಬೇಕು.’

ಸಾಂತಪ್ಪ ರಜೆಗೆ ಹೊರಡಲು ಹತ್ತು ದಿನ ಇರುವಾಗ ಅದೇ ಹಾಳೆ ಮಡಚಿ ವಾಪಸು ಬಂತು. ಅವನ ದೊಡ್ಡ ಪಾದಗಳೊಳಗೆ ಎರಡು ಪುಟ್ಟ ಪಾದಗಳು ಗಟ್ಟಿಯಾಗಿ ಊರಿ ನಿಂತಿದ್ದವು. ಹೆಬ್ಬೆರಳಿಗಿಂತ ಎರಡನೆಯ ಬೆರಳು ಉದ್ದ, ಥೇಟ್ ಅವನದೇ. ಎಡಪಾದ ಬಲಕ್ಕಿಂತ ಒಂದು ಬೆಂಕಿಕಡ್ಡಿಯ ದಪ್ಪದಷ್ಟು ದೊಡ್ಡದು. ನೋಣಯ ಹಾಳೆಯ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ಕುಳಿತ. ಮರುದಿನ ಎಡಪಾದಕ್ಕೇ ಅಳತೆ ಹಿಡಿದು, ಉದ್ದ ಬೆರಳಿನ ಮುಂದೆ ಹೆಬ್ಬೆರಳಿನ ಜಾಗ ಬಿಟ್ಟು, ಅಂಗಡಿಯ ಹದಿನೆಂಟು ಜೊತೆ ಕೆಳಗಿಳಿಸಿ ಒಂದನ್ನು ಆರಿಸಿದ. ನೀಲಿ ಬಣ್ಣದ್ದು. ಕೆಂಪನ್ನು ಮುಟ್ಟಲಿಲ್ಲ. ಅದು ಸಾಂತಪ್ಪನ ಪೆಟ್ಟಿಗೆಯಲ್ಲಿ ಊರಿಗೆ ಹೋಯಿತು.

ಸಾಂತಪ್ಪ ಊರಿಂದ ಮರಳುವಾಗ ಉಪ್ಪಿನಕಾಯಿಯ ಜೊತೆ ಒಂದು ಕ್ಯಾಸೆಟ್ ತಂದ. ನೇರ ಅಂಗಡಿಗೇ ತಂದುಕೊಟ್ಟ. ಅವನು ಹೊರಟ ಬೆನ್ನಿಗೇ ಅಸರ್‌ನ, ಇಳಿಹೊತ್ತಿನ ನಮಾಜಿಗೆ ಶಟರ್ ಇಳಿಯಿತು. ನೋಣಯ ಒಳಗೊಬ್ಬನೇ ಕುಳಿತು ಟೇಪ್ ಹಾಕಿದ.

“ಎರಡು ದಿವಸ ಶೂ ಹತ್ತಿರ ಹೋಗ್ಲಿಲ್ಲ ಇವಳು” ಎಂದಿತು ವಿನೋದಾಳ ದನಿ. “ಮತ್ತೆ ಒಳಗೆ ಕೈ ಹಾಕಿ ಹತ್ತಿ ಉಂಟಾ ಅಂತ ನೋಡಿದ್ಳು. ಇಲ್ಲ ಅಂತ ಗೊತ್ತಾದ ಮೇಲೆ ಹಾಕಿದ್ದು. ಈಗ ಕೇಳಿ.”

ನೋಣಯ ಎದ್ದು, ಅಭ್ಯಾಸಬಲದಿಂದ ಟೇಪಿಗೆ ಬೆನ್ನು ತಿರುಗಿಸಿ ನಿಂತ. ಸಿಮೆಂಟಿನ ನೆಲದ ಮೇಲೆ ಹೆಜ್ಜೆಗಳು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಬಾಗಿಲವರೆಗೆ ಓಟ, ಮತ್ತೆ ವಾಪಸು ಓಟ. ಉಸಿರು ಬಿಗಿಹಿಡಿದು ಕೇಳಿದ. ಹಿಮ್ಮಡಿ ಒಂದು ಸಲವೂ ಬಡಿಯಲಿಲ್ಲ. ಗೆದ್ದೆ ಎಂದು ಖಾಲಿ ಅಂಗಡಿಗೆ ಕೇಳುವಂತೆ ತುಳುವಿನಲ್ಲಿ ಹೇಳಿ, ತೋಳಿನಿಂದ ಕಣ್ಣೊರೆಸಿಕೊಂಡ.

ಅಷ್ಟರಲ್ಲಿ ಏದುಸಿರಿನ ಪುಟ್ಟ ದನಿ ಹತ್ತಿರ ಬಂತು. “ಅಪ್ಪಾ, ನಾನು ಓಡಿದೆ. ಬೀಳ್ಲಿಲ್ಲ. ನಿಮ್ಮ ಕಾಲು ಈಗ ಎಷ್ಟು ದೊಡ್ಡ ಆಯ್ತು? ಇನ್ನೊಂದು ಸಲ ಬರೆದು ಕಳಿಸಿ. ನಾನು ನಿಂತ್ಕೊಳ್ತೇನೆ.”

ನಮಾಜು ಮುಗಿಸಿ ಬಂದ ಕಫೀಲ್ ಶಟರ್ ಎತ್ತಿದಾಗ ಹೊರಗೆ ಮೂರು ಮನೆಯವರು ಮಕ್ಕಳೊಂದಿಗೆ ಕಾಯುತ್ತಿದ್ದರು. ಒಳಗೆ ನೋಣಯ ಬರಿಗಾಲಲ್ಲಿ ಹಾಳೆಯ ಮೇಲೆ ನಿಂತಿದ್ದ.

“ಯಲ್ಲಾ, ಗಿರಾಕಿ” ಎಂದು ಅವಸರಪಡಿಸಿದ ಕಫೀಲ್.

“ಒಂದು ನಿಮಿಷ ಕಾಯಲಿ” ಎಂದು ಪೆನ್ಸಿಲನ್ನು ಅವನ ಕೈಗಿತ್ತ ನೋಣಯ. “ನೆಟ್ಟಗೆ ಹಿಡಿದು ಗೆರೆ ಎಳಿ. ನನ್ನ ಮಗಳು ಕೇಳಿದ್ದಾಳೆ.”