ಪಾದರಸದಮ್ಮ

ನಮ್ಮ ವೀಕ್ಷಣಾಲಯದ ಮೇಡಂಗೆ ಎಲ್ಲರೂ ಇಟ್ಟ ಹೆಸರು ಪಾದರಸದಮ್ಮ. ಒಂದನ್ನೊಂದು ಸುತ್ತುತ್ತ, ಸರದಿಯಂತೆ ಒಂದಕ್ಕೊಂದು ಗ್ರಹಣ ಹಿಡಿಸುವ ಎರಡು ಬಿಸಿ ನಕ್ಷತ್ರಗಳೇ ಅವರ ಸಂಸಾರ. ಗ್ರಹಣವಿಲ್ಲದಾಗಲೂ ಆ ಜೋಡಿಯ ಬೆಳಕು ಒಂದಿಷ್ಟು ಕುಗ್ಗುತ್ತದೆ, ದೊಡ್ಡದರ ಮೈಮೇಲೆ ಪಾದರಸದ ಕಲೆಗಳಿವೆ ಎಂಬುದು ಅವರ ಹಟ. ಹನ್ನೊಂದು ವರ್ಷದಿಂದ ಅದೇ ಜೋಡಿ, ಅದೇ ಮೊಣಕೈ ಹರಿದ ಸ್ವೆಟರು. ಮಧ್ಯಾಹ್ನ ಊಟದ ಡಬ್ಬಿ ತೆರೆದಿಟ್ಟು ಹಿಂದಿನ ರಾತ್ರಿಯ ಅಳತೆಗಳ ಲೆಕ್ಕಕ್ಕೆ ಕೂತರೆ ಊಟ ಸಂಜೆಗೇ. "ಬೇರೆ ನಕ್ಷತ್ರ ಸಿಗ್ಲಿಲ್ವೇನಮ್ಮಾ? ಯಾವುದಕ್ಕೂ ಇಲ್ಲದ ಕಲೆ ಇದಕ್ಕೊಂದಕ್ಕೇನಾ?" ಎಂದು ಗುಮಾಸ್ತರು ಕೆಣಕಿದರೆ, "ನಿಮ್ಮನೇಲಿ ಒಂದು ಮಗು ಬೇರೆ ಥರ ಇದ್ರೆ ಅದನ್ನ ತಪ್ಪು ಅಂತೀರಾ?" ಎನ್ನುತ್ತಾರೆ. ಮೊನ್ನೆ ನಿರ್ದೇಶಕರು ಅವರ ವರದಿ ಹಿಡಿದು ಬಂದರು. "ಇದನ್ಯಾರು ನಂಬ್ತಾರೆ? ಕನ್ನಡಿ ಕೊಳೆಯಾಗಿತ್ತು, ಅಳತೆ ಕೆಡ್ತು ಅಂತ ಬರೀರಿ. ಇಲ್ಲಾಂದ್ರೆ ಮುಂದಿನ ವರ್ಷ ನಿಮಗೆ ದೂರದರ್ಶಕ ಸಿಗಲ್ಲ." ದೂರದರ್ಶಕದ ಆ ಕನ್ನಡಿ ತೊಳೆಯುವವನು ನಾನು. ಬಕೆಟ್ ಹಿಡಿದು ಬಾಗಿಲಲ್ಲೇ ನಿಂತಿದ್ದೆ. "ಸಿಗದಿದ್ರೆ ಬೇಡ ಬಿಡಿ ಸರ್," ಎಂದ ಮೇಡಂ, ವರದಿಯ ಕೊನೆಯಲ್ಲಿ ಪೆನ್ನಿನಿಂದ ಬರೆದರು: ಕನ್ನಡಿ ಚೊಕ್ಕಟವಾಗಿತ್ತು. ಅದರ ಕೆಳಗೆ, ತೊಳೆದವರು ಎಂದು ನನ್ನ ಪೂರ್ತಿ ಹೆಸರು. ಅದು ಅವರಿಗೆ ಗೊತ್ತಿದೆ ಎಂದು ನಾನು ಅಂದುಕೊಂಡೇ ಇರಲಿಲ್ಲ.