ಪ್ರತಿ ಹತ್ತನೆಯವರು

ಸ್ಟ್ಯಾಂಡರ್ಡ್ ಡೀವಿಯೇಷನ್ ಸೂತ್ರ ನನಗೆ ಮೈಸೂರಿನಲ್ಲಿ ಬಿ.ಕಾಂ. ಓದುವಾಗಲೇ ಬಾಯಿಪಾಠ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಅದು ಏನನ್ನು ಅಳೆಯುತ್ತದೆ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಇಪ್ಪತ್ತು ವರ್ಷದ ಮೇಲೆ, ಗಂಡನ ಕೆಲಸದ ಹಿಂದೆ ನೆದರ್‌ಲೆಂಡ್ಸಿನ ಹೂಫ್‌ಡಾರ್ಪ್‌ಗೆ ಬಂದು, ಮನೆಯಲ್ಲಿ ಕೂತು ಕೂತು ಸಾಕಾಗಿ, ಆಮ್‌ಸ್ಟರ್‌ಡಾಮಿನ ಒಂದು ಕಾಲೇಜಿನ ಸಂಜೆಯ ಬಿಸಿನೆಸ್ ಕೋರ್ಸಿಗೆ ಸೇರಿದೆ. ಮೊದಲ ದಿನವೇ ಮೇಷ್ಟ್ರು ಸೂತ್ರಗಳನ್ನೆಲ್ಲ ಅಚ್ಚು ಹಾಕಿದ ಹಾಳೆಯೊಂದನ್ನು ಎಲ್ಲರ ಕೈಗೂ ಕೊಟ್ಟು, ಪರೀಕ್ಷೆಗೂ ಇದನ್ನೇ ತನ್ನಿ ಎಂದರು. ನನ್ನ ಇಡೀ ಬಂಡವಾಳ ಅಲ್ಲಿಗೇ ಮುಳುಗಿತು.

ಮೊದಲ ವರ್ಷ ಸಂಖ್ಯಾಶಾಸ್ತ್ರ ಪಾಸಾಗದಿದ್ದರೆ ನಮ್ಮ ಕೋರ್ಸಿನಲ್ಲಿ ಎರಡನೇ ವರ್ಷಕ್ಕೆ ಬಿಡುವುದಿಲ್ಲ, ಮನೆಗೆ ಕಳಿಸುತ್ತಾರೆ. ಮನೆಗೆ ಹೋಗುವುದು ಅಂದರೆ ಏನು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಹನ್ನೊಂದು ವರ್ಷ ಅದನ್ನೇ ಮಾಡಿದ್ದೆ.

ಪಾಸಾಗಲು ಒಂದು ಸರ್ವೆ ಮಾಡಬೇಕಿತ್ತು. ಬಸ್ ನಿಲ್ದಾಣದಲ್ಲಿ ಒಬ್ಬರಿಗಾಗುವಷ್ಟು ಬಿಸಿ ಊಟದ ಡಬ್ಬಿ ಮಾರುವ ಅಂಗಡಿ ಇಟ್ಟರೆ ನಡೆದೀತೇ ಎಂಬುದು ವಿಷಯ. ಅರವತ್ತು ಜನರನ್ನು ಒಂದು ಪ್ರಶ್ನೆ ಕೇಳಿ, ಸರಾಸರಿ ತೆಗೆದು, ಉತ್ತರಗಳು ಎಷ್ಟು ಹರಡಿಕೊಂಡಿವೆ ಎಂದು ಲೆಕ್ಕ ಹಾಕಿ ವರದಿ ಕೊಡಬೇಕು. ನಾನು ಆರಿಸಿಕೊಂಡ ಪ್ರಶ್ನೆ ಇದು: ಕಳೆದ ಏಳು ದಿನಗಳಲ್ಲಿ ಎಷ್ಟು ಸಂಜೆ ನೀವು ಒಬ್ಬರೇ ಊಟ ಮಾಡಿದಿರಿ?

ಅರವತ್ತು ಜನ ಎಲ್ಲಿ ಸಿಗುತ್ತಾರೆ ಎಂದು ನಾನು ಒಂದು ನಿಮಿಷವೂ ಯೋಚಿಸಲಿಲ್ಲ. ಆ ಭಾನುವಾರವೇ ನಮ್ಮ ಕನ್ನಡದವರ ಯುಗಾದಿ ಊಟವಿತ್ತು. ಒಬ್ಬಟ್ಟಿನ ಡಬ್ಬಿಯ ಜೊತೆ ಫಾರಂಗಳ ಕಟ್ಟನ್ನೂ ಒಯ್ದೆ. ಉಡುಪಿ ಕಡೆಯ ಹಿರಿಯರೊಬ್ಬರು ಪೆನ್ನು ಹಿಡಿದು, "ನಿಂಗೆ ಎಷ್ಟು ಬೇಕು ಹೇಳು ಮಾರಾಯ್ತಿ, ಅದನ್ನೇ ಬರೀತೇನೆ," ಎಂದರು. ನಿಮಗೆ ಅನ್ನಿಸಿದ್ದು ಬರೆಯಿರಿ ಎಂದೆ. ಎಲ್ಲರ ತಲೆಯ ಮೇಲೆ ನಿಂತು ಬರೆಸಿಕೊಂಡೆ. ಪಂಕ್ತಿ ಏಳುವ ಹೊತ್ತಿಗೆ ಅರವತ್ತೂ ತುಂಬಿತ್ತು. ಜನಬಲ ಅಂದರೆ ಇದು ಎಂದು ಬೀಗಿದೆ.

ಮೇಷ್ಟ್ರು ನನಗಿಂತ ಹತ್ತು ವರ್ಷ ಚಿಕ್ಕವರು. ನನ್ನ ಅಂಕಣದ ಮೇಲೆ ಬೆರಳು ಇಳಿಸುತ್ತ ಹೋದರು. ಐವತ್ತೇಳು ಸೊನ್ನೆ, ಮೂರು ಒಂದು. "ಇವರು ನಿಮ್ಮ ಅತಿಥಿಗಳು. ಸ್ಯಾಂಪಲ್ ಅಲ್ಲ," ಎಂದು ಫೇಲ್ ಮಾಡಿದರು. ಡಚ್ಚರು ನೇರ ಮಾತಿನವರು ಎಂದು ಹನ್ನೊಂದು ವರ್ಷದಿಂದ ಕೇಳಿದ್ದೆ, ನನ್ನ ಮೇಲೆ ನೇರವಾಗಿ ಬಿದ್ದದ್ದು ಆವತ್ತು. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕಲ್ಲವೇ ಎಂದು ಮನಸ್ಸಿನಲ್ಲೇ ಜಗಳವಾಡಿಕೊಂಡು ರೈಲು ಹತ್ತಿದೆ. ಸೌಟು ಹಾಕಿ ಕಲಕಿ ತೆಗೆದ ಅಗುಳು ಅದು ಎನ್ನುವುದು ಸ್ಕಿಪೋಲ್ ಸ್ಟೇಷನ್ ದಾಟಿದ ಮೇಲೆ ಹೊಳೆಯಿತು. ನಾನು ಮೇಲೆ ಕೈಗೆ ಸಿಕ್ಕಿದ್ದನ್ನಷ್ಟೇ ಹಿಸುಕಿದ್ದೆ.

ಆ ಊಟಕ್ಕೆ ಬಂದಿದ್ದ ಒಬ್ಬ ಹುಡುಗ ವೂರ್‌ಬರ್ಗ್‌ನಲ್ಲಿ ಒಂಟಿಯಾಗಿ ರೂಮು ಮಾಡಿಕೊಂಡಿದ್ದಾನೆ. ಅವನೂ ಸೊನ್ನೆ ಬರೆದಿದ್ದ. ಫೋನ್ ಮಾಡಿ ದಬಾಯಿಸಿದೆ. "ಅಕ್ಕಾ, ಏಳು ಅಂತ ಬರೆದಿದ್ರೆ ಅಲ್ಲಿರೋ ಆಂಟಿಯರೆಲ್ಲ ಪಾಪ ಅಂತಾರೆ. ಆಮೇಲೆ ಹೆಣ್ಣು ಹುಡುಕೋಕೆ ಸ್ಟಾರ್ಟ್ ಮಾಡ್ತಾರೆ. ನಂಗ್ಯಾಕೆ ಬೇಕು ಟೆನ್ಷನ್?" ಎಂದ. ಬೈಯಲು ಬಾಯಿ ತೆರೆದವಳು ನಕ್ಕುಬಿಟ್ಟೆ. ಆ ಆಂಟಿಯರಲ್ಲಿ ನಾನೇ ಮೊದಲನೆಯವಳು.

ಮರುಪರೀಕ್ಷೆಗೆ ಎರಡು ವಾರ ಕೊಟ್ಟರು, ಅದೇ ಕೊನೆಯ ಅವಕಾಶ. ಈ ಸಲ ನಿಯಮ ಮೇಷ್ಟ್ರೇ ಹಾಕಿದರು. ಬಸ್ಸಿನಿಂದ ಇಳಿಯುವವರಲ್ಲಿ ಪ್ರತಿ ಹತ್ತನೆಯವರನ್ನು ಕೇಳಬೇಕು. ಆರಿಸುವ ಹಾಗಿಲ್ಲ, ಬಿಡುವ ಹಾಗಿಲ್ಲ. ಒಲ್ಲೆ ಅಂದವರಿಗೂ ಒಂದು ಗೆರೆ ಎಳೆದು ಮತ್ತೆ ಒಂದರಿಂದ ಎಣಿಸಬೇಕು. ಸೋಮವಾರ, ಬುಧವಾರ ಸಂಜೆ ಕ್ಲಾಸು. ಹಾಗಾಗಿ ಮಂಗಳವಾರ, ಶುಕ್ರವಾರ ಹೂಫ್‌ಡಾರ್ಪ್ ಸ್ಟೇಷನ್ನಿನ ಮುಂದಿನ ಬಸ್ ನಿಲ್ದಾಣದಲ್ಲಿ ನಿಂತೆ.

ನಿಂತೆ ಅನ್ನುವುದು ಸುಳ್ಳು. ಒಂದು ಕಡೆ ನಿಲ್ಲಲು ಆಗುತ್ತಿರಲಿಲ್ಲ. ಇಲ್ಲಿ ಬಸ್ಸಿನಿಂದ ಇಳಿಯುವಾಗ ಪ್ರತಿಯೊಬ್ಬರೂ ಬಾಗಿಲ ಬಳಿಯ ಯಂತ್ರಕ್ಕೆ ಟಿಕೆಟ್ ಕಾರ್ಡು ತಾಗಿಸಬೇಕಲ್ಲ, ಆ ಪೀಂ ಪೀಂ ಸದ್ದನ್ನೇ ಎಣಿಸುತ್ತಿದ್ದೆ. ಎರಡು ಬಾಗಿಲಲ್ಲಿ ಒಟ್ಟಿಗೆ ಸದ್ದಾದರೆ ಲೆಕ್ಕ ತಪ್ಪಿ ಓಡಾಡುತ್ತಿದ್ದೆ. ಎಂಟನೆಯವಳು ನಗುಮುಖದ ಹೆಂಗಸು, ನಮ್ಮ ಕಡೆಯವಳ ಹಾಗೆ ಕಾಣುತ್ತಾಳೆ, ಕೇಳಿದರೆ ಸಂತೋಷವಾಗಿ ಹೇಳುತ್ತಾಳೆ. ಹತ್ತನೆಯವನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡ ಆರಡಿ ಆಳು, ತಲೆಯನ್ನೂ ತಿರುಗಿಸದೆ "ನೇ", ಅಂದರೆ ಇಲ್ಲ, ಎಂದು ಹೋಗುತ್ತಾನೆ. ಒಂದು ಗೆರೆ. ಮನೆಗೆ ಹೋದ ಮೇಲೂ ಕಾಲು ನಿಲ್ಲುತ್ತಿರಲಿಲ್ಲ. ಅಂಗಡಿಯ ಸಾಲಿನಲ್ಲಿ ನಿಂತರೆ ಮುಂದಿನವರನ್ನು ಎಣಿಸುತ್ತಿದ್ದೆ.

ಆದರೆ ಉತ್ತರಗಳು ಬಂದವು. ಎರಡು, ಸೊನ್ನೆ, ಐದು, ಮೂರು. ಮುದುಕರೊಬ್ಬರು ತಮ್ಮ ಮನೆ ನಂಬರು ಹೇಳಿದಷ್ಟು ಸಲೀಸಾಗಿ "ಏಳು" ಎಂದು, ಟೋಪಿ ಸರಿಮಾಡಿಕೊಂಡು ನಡೆದರು. ಅಂಕಣ ಹರಡಿಕೊಳ್ಳುತ್ತ ಹೋಯಿತು. ಬಾಯಿಪಾಠ ಮಾಡಿದ್ದ ಸೂತ್ರ ಅಳೆಯುತ್ತಿದ್ದದ್ದು ಈ ಹರಡುವಿಕೆಯನ್ನು ಎಂದು ನಲವತ್ತಮೂರನೇ ವಯಸ್ಸಿನಲ್ಲಿ, ಗಾಳಿಗೆ ಮೂಗು ಸೋರುತ್ತಿರುವಾಗ ಅರ್ಥವಾಯಿತು.

ವರದಿ ಕೊಡುವುದು ಶುಕ್ರವಾರ ಬೆಳಿಗ್ಗೆ. ಗುರುವಾರ ಸಂಜೆಯೂ ನಿಲ್ದಾಣಕ್ಕೆ ಹೋದೆ, ಇನ್ನೂ ಆರು ಜನ ಬೇಕಿತ್ತು. ಆರೂವರೆಯ ಹೊತ್ತಿಗೆ ಐವತ್ತೇಳಾಯಿತು. ಮುಂದಿನ ಬಸ್ಸು ಬಂತು. ಏಳು, ಎಂಟು, ಒಂಬತ್ತು. ಹತ್ತನೆಯ ಪೀಂ ಸದ್ದಿಗೆ ತಲೆ ಎತ್ತಿದರೆ ನನ್ನ ಮಗಳು.

ಅವಳಿಗೆ ಹದಿನೈದು. ಜೊತೆಗೆ ಇಬ್ಬರು ಗೆಳತಿಯರು. ದಿನಾ ಸೈಕಲ್ಲಿನಲ್ಲಿ ಹೋಗುವವಳು ಬಸ್ಸಿನಲ್ಲಿ ಯಾಕೆ ಬಂದಳು ಎಂದು ಮೊದಲು ಗಾಬರಿಯಾಯಿತು. ಸೈಕಲ್ ಚಕ್ರ ಹೋಗಿ ಮೂರು ದಿನವಾಗಿತ್ತಂತೆ, ನನಗೆ ಗೊತ್ತೇ ಇರಲಿಲ್ಲ. ಕ್ಲಿಪ್‌ಬೋರ್ಡ್ ಹಿಡಿದ ನನ್ನನ್ನು ನೋಡಿ ಅವಳ ಮುಖ ಬಿಗಿಯಾಯಿತು. ಬೇಡ ಎಂದು ಕಣ್ಣಲ್ಲೇ ಹೇಳಿದಳು. ಬಿಟ್ಟುಬಿಡಬಹುದಿತ್ತು. ಆದರೆ ಎರಡು ವಾರದಿಂದ ಯಾರನ್ನೂ ಬಿಡದೆ ಬಂದಿದ್ದೆ, ಮತ್ತೆ ಅತಿಥಿಗಳ ಸ್ಯಾಂಪಲ್ ಅನ್ನಿಸಿಕೊಳ್ಳಲು ಮನಸ್ಸಿರಲಿಲ್ಲ. ಉಳಿದವರನ್ನು ಕೇಳಿದಂತೆಯೇ ನನ್ನ ಹರಕುಮುರುಕು ಡಚ್ಚಿನಲ್ಲಿ ಕೇಳಿದೆ. ಕಳೆದ ಏಳು ದಿನಗಳಲ್ಲಿ ಎಷ್ಟು ಸಂಜೆ ಒಬ್ಬರೇ ಊಟ ಮಾಡಿದಿರಿ?

"ಫೀರ್, ಮೆವ್ರೌ," ಎಂದಳು. ನಾಲ್ಕು, ಮೇಡಂ. ಗೆಳತಿಯರು ಕಿಸಕ್ಕೆಂದರು. ಮೂವರೂ ಹೊರಟುಹೋದರು.

ಯಾವ ನಾಲ್ಕು ಎಂದು ಎಣಿಸಲು ನನಗೆ ಬೆರಳು ಬೇಕಾಗಲಿಲ್ಲ. ಶುಕ್ರವಾರ ಇಲ್ಲಿ, ಸೋಮವಾರ ಕ್ಲಾಸು, ಮಂಗಳವಾರ ಇಲ್ಲಿ, ಬುಧವಾರ ಕ್ಲಾಸು. ಅವಳಪ್ಪ ಆ ತಿಂಗಳು ಆಫೀಸಿನಿಂದ ಬರುತ್ತಿದ್ದದ್ದೇ ಒಂಬತ್ತಕ್ಕೆ. ಸಿಟ್ಟು ಬಂತು. ಅವರು ತಡವಾಗಿ ಬಂದರೆ ಪ್ರಾಜೆಕ್ಟು, ನಾನು ಬಂದರೆ ಮಗಳು ಒಬ್ಬಳೇ ಊಟ ಮಾಡಿದಳು! ಸಿಟ್ಟು ನ್ಯಾಯವಾದದ್ದೇ, ಆದರೆ ನಾಲ್ಕು ನಾಲ್ಕೇ. ಅದನ್ನು ಹೊಡೆದುಹಾಕಿ ಮುಂದಿನವರನ್ನು ಕೇಳಿದ್ದರೆ ಮೇಷ್ಟ್ರಿಗೆ ತಿಳಿಯುತ್ತಿರಲಿಲ್ಲ. ಬರೆದೆ. ಐವತ್ತೆಂಟು.

ಅವಳ ಹಿಂದೆಯೇ ಹೋಗಬೇಕಿತ್ತೋ ಏನೋ. ಇನ್ನೂ ಎರಡು ಬೇಕಿತ್ತು, ನಿಂತೆ. ಮುಂದಿನ ಬಸ್ಸಿನಲ್ಲಿ ಎಂಟೇ ಜನ. ಅದರ ಮುಂದಿನದರಲ್ಲಿ ಒಲ್ಲೆ ಎಂದವನೊಬ್ಬ. ಅರವತ್ತು ಮುಟ್ಟುವ ಹೊತ್ತಿಗೆ ಎಂಟಾಯಿತು. ಆ ವರದಿಯಿಂದ ನಾನು ಪಾಸಾದೆ, ಎರಡನೇ ವರ್ಷಕ್ಕೂ ಹೋದೆ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ.

ಮನೆಗೆ ಬಂದಾಗ ಅವಳು ತಟ್ಟೆ ತೊಳೆದಿಟ್ಟು ಲ್ಯಾಪ್‌ಟಾಪ್ ಎತ್ತಿಕೊಂಡು ಮೆಟ್ಟಿಲ ಹತ್ತಿರ ನಿಂತಿದ್ದಳು. ಯಾವಾಗಲೂ ಇಂಗ್ಲಿಷಿನಲ್ಲೋ ಡಚ್ಚಿನಲ್ಲೋ ಉತ್ತರ ಕೊಡುವವಳು ಆವತ್ತು ಕನ್ನಡದಲ್ಲಿ, "ಈಗ ಐದು ಆಯ್ತು ಅಮ್ಮ. ಚೇಂಜ್ ಮಾಡ್ತೀಯಾ?" ಎಂದಳು.

"ಆಗಲ್ಲ ಕಣೆ. ಕೇಳಿದಾಗ ಎಷ್ಟಿತ್ತೋ ಅಷ್ಟೇ ಲೆಕ್ಕ."

ಸಾರಿ ಅನ್ನಬೇಕಿತ್ತು, ಬಾಯಿಗೆ ಬಂದದ್ದು ನಿಯಮ. ತಣ್ಣಗಾಗಿದ್ದ ಸಾರನ್ನು ಬಿಸಿ ಮಾಡುವ ತಾಳ್ಮೆಯಿಲ್ಲದೆ ಹಾಗೆಯೇ ಅನ್ನಕ್ಕೆ ಸುರಿದುಕೊಂಡು ಕೂತೆ. ಅವಳು ಹತ್ತಲಿಲ್ಲ.

"ನಿಂದೆಷ್ಟು?" ಎಂದಳು.

ನೂರಿಪ್ಪತ್ತು ಜನರನ್ನು ಕೇಳಿದ್ದ ಪ್ರಶ್ನೆಯನ್ನು ನನ್ನನ್ನೇ ಕೇಳಿಕೊಂಡಿರಲಿಲ್ಲ. ಕ್ಲಾಸಿನ ದಿನ ರೈಲಿನಲ್ಲಿ ಚೀಸ್ ಬ್ರೆಡ್ಡು, ನಿಲ್ದಾಣದ ದಿನ ಹೀಗೆ ಹೊತ್ತು ಮೀರಿದ ಮೇಲೆ ತಣ್ಣನೆ ಅನ್ನ. ಅವಳು ಹೇಳಿದ ಅವೇ ಸಂಜೆಗಳು, ಒಂದೂ ಹೆಚ್ಚಿಲ್ಲ, ಕಡಿಮೆಯಿಲ್ಲ.

"ನಂದೂ ಐದು," ಎಂದೆ.

ಅವಳು ನನ್ನ ತಟ್ಟೆ ನೋಡಿದಳು. ಆಮೇಲೆ ಬಂದು ಎದುರಿನ ಕುರ್ಚಿ ಎಳೆದು ಕೂತು, ಲ್ಯಾಪ್‌ಟಾಪ್ ತೆರೆದಳು.

"ನಾಲ್ಕು," ಎಂದಳು, ತಲೆ ಎತ್ತದೆ. "ನಾನಿದೀನಲ್ಲ."